ಸಾರಣೆಗೆ ಮೊದಲು ಹಾಕಬೇಕಾದ ಪೈಪು: ಮನೆಯೊಳಗಿನ ಇಂಟರ್ನೆಟ್ ವಯರಿಂಗ್ ಕುರಿತು ಓದುಗರ ಪ್ರಶ್ನೆಗಳು

ಮಳೆ ಬಿಟ್ಟು ಕರಾವಳಿಯಲ್ಲಿ ಮನೆ ದುರಸ್ತಿಯ ಕೆಲಸಗಳು ಆರಂಭವಾಗುತ್ತಿದ್ದಂತೆ ವಯರಿಂಗ್ ಬಗೆಗಿನ ಪತ್ರಗಳೂ ಹೆಚ್ಚಾಗಿವೆ. ಅವುಗಳಲ್ಲಿ ಗೋಡೆಯೊಳಗೆ ಇಂಟರ್ನೆಟ್ ಕೇಬಲ್ ಹಾಯಿಸುವ ವಿಚಾರದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಕೆಂಪುಕಲ್ಲಿನ ಗೋಡೆ, ಕಾಂಕ್ರೀಟು ತಾರಸಿಯ ಎರಡು ಅಂತಸ್ತಿನ ಮನೆ. ಕಟ್ಟಿ ಮೂವತ್ತು ವರ್ಷವಾಯಿತು. ದೀಪಾವಳಿ ಕಳೆದ ಮೇಲೆ ಹಳೆಯ ವಯರಿಂಗ್ ಪೂರ್ತಿ ತೆಗೆಸಿ ಹೊಸ ಸಾರಣೆ ಮಾಡಿಸುವವರಿದ್ದೇವೆ. ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮಾಳಿಗೆಯ ಕೋಣೆಯಿಂದಲೇ ಮಾಡುತ್ತಾನೆ. ರೂಟರ್ ಕೆಳಗಿನ ಚಾವಡಿಯಲ್ಲಿರುವುದರಿಂದ ಮೇಲೆ ವೈಫೈ ಸಿಗುವುದು ಕಷ್ಟ. ಗೋಡೆಯೊಳಗೆ ಕೇಬಲ್ ಹಾಕಿಸೋಣವೆಂದರೆ ಎಲೆಕ್ಟ್ರಿಷಿಯನ್ ‘ಈಗ ಎಲ್ಲ ವೈಫೈಯೇ, ಕೇಬಲ್ ಯಾಕಮ್ಮಾ? ಬೇಕೇ ಬೇಕೆಂದರೆ ಕರೆಂಟಿನ ಪೈಪಿನಲ್ಲೇ ಒಂದು ಎಳೆದು ಬಿಡುತ್ತೇನೆ’ ಎನ್ನುತ್ತಾರೆ. ಯಾವ ಕೇಬಲ್ ಹಾಕಿಸಬೇಕು, ಎಲ್ಲೆಲ್ಲಿ, ಹೇಗೆ ಎಂಬುದನ್ನು ತಿಳಿಸಬೇಕಾಗಿ ವಿನಂತಿ.
– ಗೃಹಿಣಿ, ಬ್ರಹ್ಮಾವರ

ಉತ್ತರ: ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಎರಡು ಮಾತುಗಳಲ್ಲಿ ಎರಡನೆಯದಕ್ಕೆ ಮೊದಲು ‘ಬೇಡ’ ಎನ್ನಿ. 230 ವೋಲ್ಟಿನ ತಂತಿ ಇರುವ ಪೈಪಿಗೆ ಇಂಟರ್ನೆಟ್ ಕೇಬಲನ್ನು ಯಾವ ಕಾರಣಕ್ಕೂ ಸೇರಿಸಬಾರದು. ಈ ಕೇಬಲಿನ ಎಳೆಗಳ ಹೊದಿಕೆ ತೀರ ತೆಳ್ಳಗಿನದು, ಕಡಿಮೆ ವೋಲ್ಟಿನ ಸಂಕೇತಗಳಿಗೆಂದೇ ಮಾಡಿದ್ದು. ಪೈಪಿನೊಳಗೆ ಎಳೆಯುವಾಗ ಕರೆಂಟಿನ ತಂತಿ ಎಲ್ಲಾದರೂ ತರಚಿದರೆ, ಅಥವಾ ಹತ್ತಾರು ವರ್ಷಗಳ ಬಿಸಿಗೆ ಅದರ ಹೊದಿಕೆ ಬಿರಿದರೆ, ಆ ವಿದ್ಯುತ್ತು ರೂಟರಿಗೆ, ಲ್ಯಾಪ್‌ಟಾಪಿಗೆ, ಕೊನೆಗೆ ಅದನ್ನು ಮುಟ್ಟಿದವರಿಗೆ ತಲುಪುವ ಅಪಾಯವಿದೆ. ಪೈಪೂ ಬೇರೆ, ಸ್ವಿಚ್ ಬೋರ್ಡಿನ ಪಕ್ಕದ ಬಾಕ್ಸೂ ಬೇರೆ ಇರಲಿ. ಎರಡು ಪೈಪುಗಳು ಗೋಡೆಯಲ್ಲಿ ಜೊತೆಜೊತೆಯಾಗಿ ಸಾಗುವಲ್ಲಿ ನಡುವೆ ಸುಮಾರು ಒಂದಡಿ ಅಂತರವಿಡಿಸಿ. ಒಂದನ್ನೊಂದು ದಾಟಲೇಬೇಕಾದಲ್ಲಿ ಓರೆಯಾಗಿ ಅಲ್ಲ, ನೇರ ಅಡ್ಡಲಾಗಿ ದಾಟಿಸಿ. ಹಾಗೆ ಮಾಡಿದರೆ ವಿದ್ಯುತ್ ತಂತಿಯಿಂದ ಸಂಕೇತಗಳಿಗೆ ತಗಲುವ ಅಡಚಣೆಯೂ ಕಡಿಮೆ.

‘ಎಲ್ಲ ವೈಫೈಯೇ’ ಎಂಬ ಮೊದಲ ಮಾತಿನಲ್ಲಿ ಅರ್ಧ ನಿಜವಿದೆ. ಫೋನು, ಟ್ಯಾಬ್ಲೆಟ್‌ಗಳಿಗೆ ವೈಫೈ ಸಾಕು. ಆದರೆ ನಿಮ್ಮ ಮನೆಯಲ್ಲಿ ಆ ವೈಫೈ ಮಾಳಿಗೆಯನ್ನು ತಲುಪಬೇಕಾದರೆ ಕಬ್ಬಿಣದ ಸರಳುಗಳ ಬಲೆಯಿರುವ ಕಾಂಕ್ರೀಟು ತಾರಸಿಯನ್ನೂ, ಒಂಬತ್ತು ಇಂಚಿನ ಕೆಂಪುಕಲ್ಲಿನ ಗೋಡೆಗಳನ್ನೂ ದಾಟಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ರಂಧ್ರಗಳಿಂದ ತುಂಬಿದ ಕೆಂಪುಕಲ್ಲು ಅದನ್ನು ಕುಡಿದು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಒದ್ದೆ ಗೋಡೆ ರೇಡಿಯೋ ಸಂಕೇತವನ್ನು ಒಣ ಗೋಡೆಗಿಂತ ಹೆಚ್ಚು ಹೀರುತ್ತದೆ. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ವೈಫೈ ಇಂಥ ಅಡೆತಡೆಗಳ ಮುಂದೆ 2.4 ಗಿಗಾಹರ್ಟ್ಸ್‌ಗಿಂತ ಬೇಗ ಸೋಲುತ್ತದೆ. ಅಂಗಡಿಗಳಲ್ಲಿ ‘ಮೆಶ್’ ಎಂದು ಮಾರುವ ಜೋಡಿ ಪೆಟ್ಟಿಗೆಗಳನ್ನು ತಂದಿಟ್ಟರೂ, ಆ ಎರಡು ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಬೇಕಾದದ್ದು ಅದೇ ತಾರಸಿಯ ಮೂಲಕ. ಆದ್ದರಿಂದ ಮೇಲಿನ ಅಂತಸ್ತಿಗೆ ಒಂದು ಕೇಬಲ್ ಒಯ್ದು, ಅದರ ತುದಿಯಲ್ಲಿ ಎರಡನೆಯ ವೈಫೈ ಪೆಟ್ಟಿಗೆ ಇಡುವುದೇ ಸರಿಯಾದ ದಾರಿ. ಒಳ್ಳೆಯ ವೈಫೈ ಬೇಕೆಂದೇ ಕೇಬಲ್ ಹಾಕಿಸುವುದು ಎಂದು ನಿಮ್ಮ ಎಲೆಕ್ಟ್ರಿಷಿಯನ್‌ಗೆ ತಿಳಿಸಿ.

ಕೇಬಲ್ ಯಾವುದು ಎಂಬ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡದು ಪೈಪಿನ ಪ್ರಶ್ನೆ. ನಿಮ್ಮ ಮನೆ ಕಟ್ಟಿದ ಕಾಲದಲ್ಲಿ ಗೋಡೆಗೆ ಬಂದದ್ದು ಟೆಲಿಫೋನಿನ ತಂತಿ, ಆಮೇಲೆ ಟಿ.ವಿ.ಯ ದಪ್ಪ ಕೇಬಲ್ ಬಂತು, ಈಗ ಗಾಜಿನ ಎಳೆಯ ಫೈಬರ್ ಬಾಗಿಲಲ್ಲಿದೆ. ಇನ್ನು ಹದಿನೈದು ವರ್ಷಕ್ಕೆ ಏನು ಬರುತ್ತದೆಂದು ಈಗ ಊಹಿಸುವ ಅಗತ್ಯವಿಲ್ಲ, ಹಳೆಯದನ್ನು ಎಳೆದು ತೆಗೆದು ಹೊಸದನ್ನು ತೂರಿಸುವಂಥ ಪೈಪು ಗೋಡೆಯಲ್ಲಿದ್ದರೆ ಸಾಕು. ಕೇಬಲನ್ನು ಪೈಪಿಲ್ಲದೆ ನೇರವಾಗಿ ಸಾರಣೆಯೊಳಗೆ ಹುಗಿಯುವುದನ್ನು ಮಾತ್ರ ಒಪ್ಪಬೇಡಿ. ಕರಾವಳಿಯ ತೇವದಲ್ಲಿ ಅದು ಕೆಟ್ಟ ದಿನ ಗೋಡೆಯನ್ನೇ ಒಡೆಯಬೇಕಾಗುತ್ತದೆ.

ಆದುದರಿಂದ ಗೋಡೆ ಕೊರೆಯುವ ಯಂತ್ರ ಮನೆಗೆ ಬರುವ ಮೊದಲು ಕಾಗದದ ಮೇಲೆ ಮನೆಯ ನಕ್ಷೆ ಬರೆದು ಎಲ್ಲ ಪೈಪುಗಳೂ ಬಂದು ಸೇರುವ ಒಂದು ಜಾಗವನ್ನು ಗೊತ್ತುಮಾಡಿ. ನಿಮ್ಮಲ್ಲಿ ಮೆಟ್ಟಿಲಿನ ಬದಿಯ ಗೋಡೆ ಅದಕ್ಕೆ ಹೊಂದೀತು. ಅಲ್ಲಿಗೆ ಗಾಳಿ ಆಡಬೇಕು, ಇನ್ವರ್ಟರಿನ ಲೈನಿನಿಂದ ಮೂರು ಪ್ಲಗ್ ಪಾಯಿಂಟ್ ಇರಬೇಕು. ಮಳೆಗಾಲದಲ್ಲಿ ಕರೆಂಟು ಹೋದಾಗ ಫೈಬರಿನ ಪೆಟ್ಟಿಗೆ, ರೂಟರ್, ಕೇಬಲುಗಳನ್ನೆಲ್ಲ ರೂಟರಿಗೆ ಕೂಡಿಸುವ ‘ಸ್ವಿಚ್’ ಎಂಬ ಪೆಟ್ಟಿಗೆ ಈ ಮೂರೂ ಒಟ್ಟಿಗೆ ಉಳಿದರೆ ಮಾತ್ರ ಇಂಟರ್ನೆಟ್ ಉಳಿಯುತ್ತದೆ. ಮೇಲಿನ ವೈಫೈ ಪೆಟ್ಟಿಗೆಗೆ ಇಲ್ಲಿಂದಲೇ ಕೇಬಲಿನ ಮೂಲಕ ವಿದ್ಯುತ್ ಕೊಡುವ ‘ಪಿಓಇ’ ಮಾದರಿಯನ್ನು ಕೊಂಡರೆ ಅದಕ್ಕೂ ಬೇರೆ ಇನ್ವರ್ಟರ್ ಲೈನ್ ಬೇಡ. ಆದರೆ ನೀರು ಹಾಕುವ ಇನ್ವರ್ಟರ್ ಬ್ಯಾಟರಿಯ ನೇರ ಮೇಲ್ಗಡೆ ಈ ಉಪಕರಣಗಳನ್ನು ಇಡಿಸಬೇಡಿ, ಅದರ ಆವಿ ಲೋಹದ ಕೂಡುಗಳನ್ನು ತಿನ್ನುತ್ತದೆ. ಚಂದಕ್ಕೆಂದು ಕಬ್ಬಿಣದ ಕಪಾಟಿನೊಳಗೆ ರೂಟರನ್ನು ಮುಚ್ಚಿಡುವುದೂ ಸಲ್ಲ. ವೈಫೈ ಅಲ್ಲೇ ಉಳಿಯುತ್ತದೆ.

ಈ ಜಾಗದಿಂದ ಪ್ರತಿಯೊಂದು ಪಾಯಿಂಟಿಗೂ ಪ್ರತ್ಯೇಕ ಕೇಬಲ್ ಹೋಗಬೇಕು. ಕರೆಂಟಿನ ಪ್ಲಗ್‌ಗಳಿಗೆ ಮಾಡುವಂತೆ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಮುಂದುವರಿಸುವುದು ಇಲ್ಲಿ ನಡೆಯುವುದಿಲ್ಲ. ನಿಮ್ಮ ಅಗತ್ಯಕ್ಕೆ ಮಗನ ಮೇಜಿನ ಬಳಿ ಎರಡು, ಮಾಳಿಗೆಯ ನಡುವಿನ ಸೀಲಿಂಗಿನಲ್ಲಿ ವೈಫೈ ಪೆಟ್ಟಿಗೆಗೆ ಒಂದು, ಚಾವಡಿಯ ಟಿ.ವಿ.ಯ ಹಿಂದೆ ಒಂದು, ಗೇಟಿನ ಕಡೆಗೂ ಹಿತ್ತಿಲ ಕಡೆಗೂ ಮುಂದೆಂದಾದರೂ ಹಾಕಬಹುದಾದ ಕ್ಯಾಮೆರಾಗಳಿಗೆ ಒಂದೊಂದು ಸಾಕು. ಪ್ರತಿ ಮಂಚದ ಪಕ್ಕದಲ್ಲಿ ಪಾಯಿಂಟ್ ಬೇಕೆನ್ನುವವರಿದ್ದಾರೆ, ಅದು ಅನವಶ್ಯಕ. ಅನುಮಾನವಿರುವ ಕಡೆ ಕೇಬಲ್ ಬಿಟ್ಟು ಬರಿಯ ಪೈಪು ಹಾಕಿಸಿ, ಒಳಗೆ ನೈಲಾನ್ ಹಗ್ಗ ಬಿಟ್ಟು, ಬಾಯಿಗೆ ಖಾಲಿ ಪ್ಲೇಟು ಮುಚ್ಚಿಸಿ.

ಪೈಪು 25 ಮಿ.ಮೀ.ನದ್ದಿರಲಿ, ಅದರಲ್ಲಿ ಮೂರು ಕೇಬಲುಗಳಿಗೆ ಮಿಕ್ಕಿ ತುಂಬಿಸಬೇಡಿ. ತಿರುವುಗಳಲ್ಲಿ ಚೂಪು ಮೂಲೆಯ ಎಲ್ಬೋ ಬೇಡ, ಉದ್ದ ಬಾಗಿನ ಬೆಂಡು ಹಾಕಿಸಿ. ಒಂದು ಬಾಕ್ಸಿನಿಂದ ಇನ್ನೊಂದು ಬಾಕ್ಸಿನವರೆಗೆ ಎರಡಕ್ಕಿಂತ ಹೆಚ್ಚು ತಿರುವು ಬರುವುದಾದರೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಕೂರಿಸಿ. ಮೂರನೆಯ ತಿರುವಿನಲ್ಲಿ ಕೇಬಲ್ ಸಿಕ್ಕಿಹಾಕಿಕೊಂಡಾಗ ಇಬ್ಬರು ಸೇರಿ ಜಗ್ಗುತ್ತಾರೆ, ಒಳಗಿನ ಎಳೆಗಳ ಹೆಣಿಗೆ ಹಿಗ್ಗಿ ಕೆಡುತ್ತದೆ. ಈ ಕೇಬಲ್ ತಾಳುವ ಎಳೆತ ಹನ್ನೊಂದು ಕಿಲೋದಷ್ಟು ಭಾರಕ್ಕೆ ಸಮಾನ, ಅಷ್ಟೇ. ಕೆಳಗಿನಿಂದ ಮಾಳಿಗೆಗೆ ಹೋಗುವಲ್ಲಿ 32 ಮಿ.ಮೀ.ನ ಎರಡು ಪೈಪುಗಳನ್ನು ಹಾಕಿಸಿ. ತಾರಸಿಯಲ್ಲಿ ಅದಕ್ಕೆ ರಂಧ್ರ ಕೊರೆಯುವ ಜಾಗವನ್ನು ಎಂಜಿನಿಯರ್ ತೋರಿಸಲಿ. ಬೀಮು, ಕಂಬಗಳಿಗೆ ಮಾತ್ರ ಯಂತ್ರ ತಾಗಲೇಬಾರದು.

ಕೆಂಪುಕಲ್ಲಿನ ಗೋಡೆಯ ಸ್ವಭಾವವನ್ನೂ ಇಲ್ಲಿ ನೆನಪಿಡಬೇಕು. ಇಟ್ಟಿಗೆಯಂತೆ ಅದು ನೇರ ಗೆರೆಯಲ್ಲಿ ಕೊರೆಯಿಸಿಕೊಳ್ಳುವುದಿಲ್ಲ. ಬ್ಲೇಡಿನಿಂದ ಎರಡು ಬದಿ ಗೀರಿ ಉಳಿಯಿಂದ ತಟ್ಟಿದರೆ ಒಮ್ಮೊಮ್ಮೆ ಅಂಗೈಯಗಲದ ಚೂರು ಎದ್ದು ಬರುತ್ತದೆ, ಒಳಗೆ ಜೇಡಿಯಂಥ ಮೆತ್ತನೆಯ ಭಾಗ ಕಾಣಿಸಿಕೊಳ್ಳುತ್ತದೆ. ಭಾರ ಹೊರುವ ಗೋಡೆಯಲ್ಲಿ ಲಂಬವಾಗಿ ಕೊರೆಯುವುದಾದರೆ ಗೋಡೆಯ ದಪ್ಪದ ಮೂರರಲ್ಲೊಂದು, ಅಡ್ಡಲಾಗಿ ಕೊರೆಯುವುದಾದರೆ ಆರರಲ್ಲೊಂದು ಭಾಗವನ್ನು ಮೀರಬಾರದೆಂಬುದು ಕಟ್ಟಡ ಕೆಲಸದ ನಿಯಮ. ಒಂಬತ್ತು ಇಂಚಿನ ಗೋಡೆಗೆ ಅದು ಮೂರು ಇಂಚು ಮತ್ತು ಒಂದೂವರೆ ಇಂಚು. 25 ಮಿ.ಮೀ. ಪೈಪಿಗೆ ಅಡ್ಡ ಕೊರೆತದಲ್ಲೂ ಸಾಕಷ್ಟು ಸ್ಥಳ ಸಿಗುತ್ತದೆ, ಆದರೂ ಅಡ್ಡ ಓಟವನ್ನು ಆದಷ್ಟು ಕಡಿಮೆ ಮಾಡಿ, ಓರೆ ಕೊರೆತವನ್ನು ಪೂರ್ತಿ ನಿಷೇಧಿಸಿ. ಗೋಡೆಯ ಎರಡೂ ಮುಖಗಳಲ್ಲಿ ಒಂದೇ ಜಾಗದಲ್ಲಿ ಬಾಕ್ಸ್ ಕೊರೆಸುವುದೂ ತಪ್ಪು. ಪೈಪು ಕೂರಿಸಿ, ಕ್ಲಾಂಪು ಹೊಡೆದು, ಕೊರೆದ ಜಾಗವನ್ನು ನೀರು ಚಿಮುಕಿಸಿ ಸಿಮೆಂಟು ಗಾರೆಯಿಂದ ತುಂಬಿಸಿದ ಮೇಲೆ, ಅದರ ಉದ್ದಕ್ಕೂ ಎರಡು ಬದಿಗೆ ನಾಲ್ಕು ಇಂಚು ಚಾಚುವಂತೆ ಕೋಳಿಬಲೆ ಬಡಿದು ಆಮೇಲೆ ಸಾರಣೆ ಮಾಡಿಸಿ. ಈ ಬಲೆ ಹಾಕದೆ ಬಿಟ್ಟ ಮನೆಗಳಲ್ಲಿ ಮೊದಲ ಬೇಸಿಗೆಗೇ ಪೈಪಿನ ಗುಂಟ ಬಿರುಕು ಮೂಡುತ್ತದೆ, ಬಣ್ಣ ಬಳಿದ ಮೇಲೂ ಕಾಣುತ್ತದೆ.

ಸಾರಣೆಯ ದಿನ ಒಂದು ಸಣ್ಣ ವಿಷಯಕ್ಕೆ ನೀವೇ ಎದುರಿಗೆ ನಿಲ್ಲಬೇಕು. ಪ್ರತಿ ಬಾಕ್ಸಿನೊಳಗೆ ಬರುವ ಪೈಪಿನ ಬಾಯಿಗೆ ಬಟ್ಟೆಯೋ ಕಾಗದವೋ ತುರುಕಿ ಟೇಪ್ ಸುತ್ತಿದ್ದಾರೆಯೇ ಎಂದು ನೋಡಿ. ಕರಣೆಯಿಂದ ಎಸೆದ ಗಾರೆ ಪೈಪಿನೊಳಗೆ ಇಳಿದು ಗಟ್ಟಿಯಾದರೆ ಆ ಪೈಪು ಸತ್ತಂತೆ, ಮತ್ತೆ ಒಡೆಯದೆ ಬೇರೆ ಉಪಾಯವಿಲ್ಲ. ಸಾರಣೆಯಾದ ಮರುದಿನ ಒಳಗಿನ ನೈಲಾನ್ ಹಗ್ಗವನ್ನು ಎರಡೂ ತುದಿಯಿಂದ ಒಮ್ಮೆ ಜಗ್ಗಿ ನೋಡಿದರೆ ತಿಳಿಯುತ್ತದೆ. ಅದಕ್ಕೆ ಮೊದಲು, ಅಂದರೆ ಪೈಪುಗಳು ಇನ್ನೂ ಕಣ್ಣಿಗೆ ಕಾಣುತ್ತಿರುವಾಗ, ಪ್ರತಿಯೊಂದು ಗೋಡೆಗೂ ಅಳತೆಯ ಟೇಪನ್ನು ಹಿಡಿಸಿ ಫೋಟೋ ತೆಗೆದಿಡಿ. ನಾಳೆ ಪರದೆಯ ಸರಳಿಗೋ ಎ.ಸಿ.ಗೋ ರಂಧ್ರ ಹೊಡೆಯಲು ಬಂದವರ ಡ್ರಿಲ್ಲಿನಿಂದ ಕೇಬಲನ್ನು ಕಾಪಾಡುವುದು ಆ ಫೋಟೋಗಳೇ. ಕೇಬಲನ್ನು ಸಾರಣೆಗೆ ನೀರು ಹಾಕುವುದು ಮುಗಿದು ಗೋಡೆ ಒಣಗಿದ ಮೇಲೆ, ಕೊನೆಯ ಕೋಟು ಬಣ್ಣಕ್ಕೆ ಮುಂಚೆ ಎಳೆಯಿಸಿ.

ಇನ್ನು ಕೇಬಲ್. ‘ಕ್ಯಾಟ್ 6’ ಎಂಬ ದರ್ಜೆಯ, ಶುದ್ಧ ತಾಮ್ರದ, ಒಳಗಿನ ಎಂಟು ಎಳೆಗಳಲ್ಲಿ ಪ್ರತಿಯೊಂದೂ ಒಂದೇ ಗಟ್ಟಿ ತಂತಿಯಾಗಿರುವ ಕೇಬಲ್ ನಿಮಗೆ ಸಾಕು. ಅದು 100 ಮೀಟರಿನವರೆಗೆ 1 ಜಿಬಿಪಿಎಸ್ (ಅಂದರೆ 1,000 ಎಂಬಿಪಿಎಸ್) ವೇಗವನ್ನು ನಿರಾಯಾಸವಾಗಿ ಒಯ್ಯುತ್ತದೆ, ಸುಮಾರು 55 ಮೀಟರಿನವರೆಗೆ 10 ಜಿಬಿಪಿಎಸ್‌ಗೂ ತಾಳುತ್ತದೆ. ಮನೆಯೊಳಗಿನ ಓಟಗಳು 30 ಮೀಟರು ದಾಟುವುದೇ ಅಪರೂಪ. ಎಚ್ಚರ ವಹಿಸಬೇಕಾದದ್ದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲಿನ ವಿಷಯದಲ್ಲಿ. ಡಬ್ಬಿಯ ಮೇಲೆ ‘ಸಿಸಿಎ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಒಂದು ಎಳೆಯ ಹೊದಿಕೆ ಸುಲಿದು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ: ಶುದ್ಧ ತಾಮ್ರವಾದರೆ ಒಳಗೂ ಕೆಂಪೇ, ಲೇಪವಾದರೆ ಬೆಳ್ಳಗಿನ ಲೋಹ ಇಣುಕುತ್ತದೆ. ಅದು ಬಗ್ಗಿಸಿದಲ್ಲಿ ಮುರಿಯುತ್ತದೆ, ಕಡಲ ತೇವಕ್ಕೆ ಬೇಗ ಕೆಡುತ್ತದೆ, ಕ್ಯಾಮೆರಾ ಮತ್ತು ವೈಫೈ ಪೆಟ್ಟಿಗೆಗಳಿಗೆ ವಿದ್ಯುತ್ತನ್ನೂ ಒಯ್ಯಬೇಕಾದಾಗ ಹೆಚ್ಚು ಬಿಸಿಯಾಗುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಗೋಡೆಯೊಳಗೆ ಬೇಡ.

ತುದಿ ಕಟ್ಟುವ ಕೆಲಸವನ್ನು ಇಂಟರ್ನೆಟ್ ಕೇಬಲಿನಲ್ಲಿ ಕೈಪಳಗಿದವರಿಂದ ಮಾಡಿಸಿ. ಗೋಡೆಯ ಕಡೆ ಕೇಬಲಿಗೆ ನೇರವಾಗಿ ಪ್ಲಗ್ ಒತ್ತುವ ಬದಲು ಪ್ಲೇಟಿನ ಹಿಂದಿನ ಜ್ಯಾಕಿಗೆ ಎಳೆಗಳನ್ನು ಕೂರಿಸಬೇಕು. ಜೋಡಿ ಎಳೆಗಳ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಎರಡೂ ತುದಿಗಳಲ್ಲಿ ಒಂದೇ ಬಣ್ಣಕ್ರಮವಿರಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ‘ಬಿ’ ಕ್ರಮವನ್ನೇ ಮನೆಯಿಡೀ ಪಾಲಿಸಿದರೆ ಗೊಂದಲವಿಲ್ಲ. ಬಾಕ್ಸಿನಲ್ಲಿ ಒಂದು ಗೇಣು ಕೇಬಲ್ ಹೆಚ್ಚುವರಿ ಸುತ್ತಿಡಿಸಿ, ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಮತ್ತು ಹಣ ಕೊಡುವ ಮೊದಲು ಎಂಟೂ ಎಳೆಗಳ ದೀಪ ಕ್ರಮವಾಗಿ ಹೊತ್ತುವುದನ್ನು ಟೆಸ್ಟರಿನಲ್ಲಿ ನಿಮ್ಮೆದುರೇ ತೋರಿಸಲು ಹೇಳಿ.

ಕೊನೆಯದಾಗಿ, ಇಂಟರ್ನೆಟ್ ಕಂಪನಿಯ ಫೈಬರ್ ಮನೆಯೊಳಗೆ ಬರುವ ದಾರಿ. ಹೊರಗೋಡೆಯಿಂದ ನಿಮ್ಮ ಆ ಕೂಡುಜಾಗಕ್ಕೆ 25 ಮಿ.ಮೀ.ನ ಒಂದು ಪೈಪನ್ನು ಇದಕ್ಕೆಂದೇ ಮೀಸಲಿಡಿ, ಇಲ್ಲವಾದರೆ ಬಂದವರು ಹೊಸ ಕಿಟಕಿಯ ಚೌಕಟ್ಟಿಗೇ ರಂಧ್ರ ಹೊಡೆಯುತ್ತಾರೆ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಹೊರಬಾಯಿ ಕೆಳಮುಖವಾಗಿ ಬಾಗಿರಬೇಕು, ಕೇಬಲ್ ಒಳಹೋಗುವ ಮೊದಲು ಒಂದು ಸುತ್ತು ಕೆಳಗೆ ಜೋತು ಆಮೇಲೆ ಮೇಲೇರಬೇಕು. ಹಾಗಿದ್ದರೆ ಕೇಬಲಿನ ಗುಂಟ ಹರಿದು ಬರುವ ಮಳೆನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಬಿಜೈಯಲ್ಲಿ ಹೊಸದಾಗಿ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಂಡಿದ್ದೇವೆ. ಒಳಗಿನ ಗೋಡೆಗಳೂ ಕಾಂಕ್ರೀಟಿನವು. ಕೊರೆಯಲು ಬಿಲ್ಡರರೂ ಸಂಘದವರೂ ಬಿಡುವುದಿಲ್ಲ. ರೂಟರನ್ನು ಮುಂಬಾಗಿಲ ಪಕ್ಕದಲ್ಲಿ ಹಾಕಿ ಹೋಗಿದ್ದಾರೆ, ಹಿಂದಿನ ಎರಡು ಕೋಣೆಗಳಿಗೆ ಸಿಗ್ನಲ್ ಇಲ್ಲ.
– ನಿವೃತ್ತ ಉಪನ್ಯಾಸಕರು, ಮಂಗಳೂರು

ಉತ್ತರ: ಅವರು ಬಿಡದಿರುವುದು ಸರಿಯೇ. ಅಚ್ಚಿನಲ್ಲಿ ಎರಕ ಹೊಯ್ದ ಅಂಥ ಗೋಡೆಗಳು ಇಡೀ ಕಟ್ಟಡದ ಭಾರ ಹೊರುತ್ತವೆ, ಅವುಗಳನ್ನು ಯಾರೂ ಕೊರೆಯಬಾರದು.

ಆದರೆ ನಿಮ್ಮ ಗೋಡೆಗಳಲ್ಲಿ ಈಗಾಗಲೇ ಪೈಪುಗಳಿವೆ. ಚಾವಡಿಯಲ್ಲೂ ಮಲಗುವ ಕೋಣೆಯಲ್ಲೂ ಟಿ.ವಿ. ಕೇಬಲಿಗೆಂದು, ಟೆಲಿಫೋನಿಗೆಂದು ಪಾಯಿಂಟ್ ಕೊಟ್ಟಿರುತ್ತಾರೆ, ಬಹುತೇಕ ಮನೆಗಳಲ್ಲಿ ಅವು ಖಾಲಿ ಬಿದ್ದಿವೆ. ಪ್ಲೇಟು ಬಿಚ್ಚಿ, ಆ ಪೈಪಿನಲ್ಲಿ ಕರೆಂಟಿನ ತಂತಿ ಇಲ್ಲವೆಂದು ಖಚಿತಪಡಿಸಿಕೊಂಡು, ಹಳೆಯ ಟಿ.ವಿ. ಕೇಬಲಿನ ತುದಿಗೆ ಹೊಸ ಕೇಬಲನ್ನೂ ಜೊತೆಗೊಂದು ನೈಲಾನ್ ಹಗ್ಗವನ್ನೂ ಕಟ್ಟಿ, ಕಟ್ಟಿದ ಭಾಗವನ್ನು ಟೇಪಿನಿಂದ ನುಣ್ಣಗೆ ಸುತ್ತಿ, ಆಚೆಯಿಂದ ಮೆಲ್ಲಗೆ ಎಳೆದರೆ ಹಳೆಯದು ಹೊರಬರುವಾಗ ಹೊಸದು ಒಳಸೇರುತ್ತದೆ. ಒಬ್ಬರು ಎಳೆಯುವಾಗ ಇನ್ನೊಬ್ಬರು ಈ ತುದಿಯಿಂದ ತಳ್ಳಿಕೊಡುತ್ತಿರಬೇಕು. ಹಳೆಯ ಕೇಬಲ್ ಅಲುಗಾಡದಿದ್ದರೆ ಬಲವಂತ ಬೇಡ, ಅದನ್ನು ಕಿತ್ತು ತುಂಡು ಮಾಡಿಕೊಂಡರೆ ಇದ್ದ ದಾರಿಯೂ ಮುಚ್ಚುತ್ತದೆ.

ಅದು ಆಗದಿದ್ದರೆ ಫೈಬರಿನ ಪೆಟ್ಟಿಗೆಯನ್ನೇ ಮನೆಯ ನಡುವಿಗೆ ಸರಿಸಲು ಕಂಪನಿಯವರಿಗೆ ಹೇಳಿ. ಮುಂಬಾಗಿಲ ಪಕ್ಕ ಅವರಿಗೆ ಅನುಕೂಲದ ಜಾಗ, ನಿಮಗಲ್ಲ. ಮನೆಯೊಳಗೆ ಬಳಸುವ ಫೈಬರ್ ಬಹಳ ತೆಳು. ಬಾಗನ್ನು ತಾಳುವಂತೆ ಮಾಡಿದ ಬಗೆಯು 10 ಮಿ.ಮೀ. ತ್ರಿಜ್ಯದ ತಿರುವಿನಲ್ಲೂ ಕೆಲಸ ಮಾಡುತ್ತದೆ, ಆದ್ದರಿಂದ ಬಾಗಿಲ ಚೌಕಟ್ಟಿನ ಅಂಚಿನಲ್ಲೋ ಸ್ಕರ್ಟಿಂಗ್ ಟೈಲ್ಸಿನ ಮೇಲಂಚಿನಲ್ಲೋ ಅಂಟಿಸಿದರೆ ಕಣ್ಣಿಗೆ ಬೀಳುವುದೂ ಕಡಿಮೆ. ಕರೆಂಟಿನ ವಯರಿಂಗ್ ಮೂಲಕವೇ ಇಂಟರ್ನೆಟ್ ಒಯ್ಯುವ ಅಡಾಪ್ಟರುಗಳನ್ನು ಕೊನೆಯ ಉಪಾಯವಾಗಿ ಮಾತ್ರ ನೋಡಿ. ಎರಡೂ ಪ್ಲಗ್‌ಗಳು ಒಂದೇ ಫೇಸಿನಲ್ಲಿಲ್ಲದಿದ್ದರೆ ಅವುಗಳ ವೇಗ ಕುಸಿಯುತ್ತದೆ.

ಪ್ರಶ್ನೆ: ಕಾರ್ಕಳದ ಸಮೀಪ ನಮ್ಮ ಹಳೆಯ ಹಂಚಿನ ಮನೆಯಿದೆ, ಮಣ್ಣಿನ ಗಾರೆಯ ಗೋಡೆ, ಮರದ ಮುಚ್ಚಿಗೆ. ಅಂಗಳದಾಚೆ 40 ಮೀಟರು ದೂರದಲ್ಲಿ ಹೊಸ ಕೋಣೆ ಕಟ್ಟಿಸಿ ಅಲ್ಲಿಗೂ ಕೇಬಲ್ ಎಳೆದಿದ್ದೆವು. ಎರಡು ವರ್ಷವೂ ಏಪ್ರಿಲಿನ ಸಿಡಿಲಿಗೆ ಎರಡು ಕಡೆಯ ಉಪಕರಣಗಳೂ ಸುಟ್ಟವು. ಈಗ ಮನೆಯನ್ನು ದುರಸ್ತಿ ಮಾಡಿಸುವಾಗ ಇದನ್ನೂ ಸರಿಪಡಿಸಬೇಕು.
– ಕೃಷಿಕರು, ಉಡುಪಿ ಜಿಲ್ಲೆ

ಉತ್ತರ: ಅಂಗಳದಾಚೆಗೆ ತಾಮ್ರದ ಕೇಬಲ್ ಎಳೆದದ್ದೇ ತೊಂದರೆಯ ಮೂಲ. ಸಿಡಿಲು ನೇರ ಮನೆಗೆ ಬಡಿಯಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ನೆಲದ ವಿದ್ಯುತ್ ಮಟ್ಟ ಒಂದು ಕಟ್ಟಡದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಏರುತ್ತದೆ, ಎರಡನ್ನೂ ಜೋಡಿಸಿರುವ ತಾಮ್ರದ ಮೂಲಕ ಆ ವ್ಯತ್ಯಾಸ ಹರಿಯುತ್ತದೆ, ಅದರ ಎರಡು ತುದಿಯಲ್ಲಿರುವ ಉಪಕರಣಗಳು ಸುಡುತ್ತವೆ. ಉದ್ದನೆಯ ಕೇಬಲ್ ತಾನೇ ಸಿಡಿಲಿನಿಂದ ವೋಲ್ಟೇಜನ್ನು ಹಿಡಿದುಕೊಳ್ಳುವುದೂ ಇದೆ.

ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿಸಿ, ಎರಡು ತುದಿಗೆ ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲಿನ ಸಂಕೇತವಾಗಿ ಬದಲಿಸುವ ಒಂದೊಂದು ‘ಮೀಡಿಯಾ ಕನ್ವರ್ಟರ್’ ಇಡಿಸಿ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಒಂದು ಎಚ್ಚರಿಕೆಯೆಂದರೆ, ಕಂಬದಿಂದ ಕಂಬಕ್ಕೆ ಎಳೆಯುವ ಫೈಬರ್ ಕೇಬಲಿನ ಬದಿಯಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ, ನೆಲದೊಳಗೆ ಹಾಕುವ ಕೆಲವು ಬಗೆಗಳಿಗೆ ಉಕ್ಕಿನ ಕವಚವಿರುತ್ತದೆ. ಅದನ್ನು ಮನೆಯೊಳಗೆ ತಂದರೆ ಫೈಬರ್ ಹಾಕಿಸಿದ ಪ್ರಯೋಜನವೇ ಹೋಯಿತು. ಲೋಹವೇ ಇಲ್ಲದ ಕೇಬಲ್ ಕೇಳಿ ಪಡೆಯಿರಿ, ಸಿಗದಿದ್ದರೆ ಉಕ್ಕಿನ ತಂತಿಯನ್ನು ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಬೇಕು. ನೆಲದೊಳಗೆ ಒಯ್ಯುವುದಾದರೆ ಎಚ್‌ಡಿಪಿಇ ಪೈಪಿನಲ್ಲಿ, ಹಾರೆ ತಾಗದ ಆಳದಲ್ಲಿ, ತೋಟದ ನೀರಿನ ಪೈಪಿನಿಂದ ದೂರವಾಗಿ ಒಯ್ಯಿರಿ. ಹೆಗ್ಗಣಗಳು ಪೈಪಿನ ಬಾಯಿಯಿಂದ ನುಗ್ಗದಂತೆ ಎರಡೂ ಕಡೆ ಮುಚ್ಚಿಸಿ.

ಸಿಡಿಲಿಗೆ ಇನ್ನೊಂದು ದಾರಿ ಕರೆಂಟಿನ ಲೈನು. ಮನೆಯ ಲೈನುಗಳು ಕವಲೊಡೆಯುವ ಡಿಬಿ ಪೆಟ್ಟಿಗೆಯಲ್ಲಿ, ಹಠಾತ್ತನೆ ಏರುವ ವೋಲ್ಟೇಜನ್ನು (ಸರ್ಜ್) ತಡೆಯುವ ಎಸ್‌ಪಿಡಿ ಎಂಬ ಉಪಕರಣವನ್ನು ಕೂರಿಸಿ, ಆದರೆ ಅದು ಕೆಲಸ ಮಾಡುವುದು ಅರ್ಥಿಂಗ್ ಸರಿಯಿದ್ದರೆ ಮಾತ್ರ. ನಮ್ಮ ಕೆಂಪುಮಣ್ಣು ಮಾರ್ಚ್, ಏಪ್ರಿಲಿನಲ್ಲಿ ಒಣಗಿ ಬಿರಿಯುತ್ತದೆ, ಒಣಮಣ್ಣಿನಲ್ಲಿ ಅರ್ಥಿಂಗ್ ದುರ್ಬಲವಾಗುತ್ತದೆ. ಮುಂಗಾರುಪೂರ್ವದ ಗುಡುಗು ಸಿಡಿಲು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯುವುದನ್ನು ತಪ್ಪಿಸಬೇಡಿ, ದುರಸ್ತಿಯ ಸಂದರ್ಭದಲ್ಲೇ ಅದರ ಪ್ರತಿರೋಧವನ್ನು ಅಳತೆ ಮಾಡಿಸಿ. ಇಷ್ಟೆಲ್ಲ ಆದರೂ ಗುಡುಗು ಕೇಳಿಸಿದೊಡನೆ ಪ್ಲಗ್ ಕೀಳುವ ಹಿರಿಯರ ಅಭ್ಯಾಸವನ್ನು ಬಿಡಬೇಕಾಗಿಲ್ಲ.

ಮನೆಯೊಳಗಿನ ಕೆಲಸ ಸುಲಭ. ಮಣ್ಣಿನ ಗಾರೆಯ ಗೋಡೆಯನ್ನು ಕೊರೆಯಬೇಡಿ, ಮುಚ್ಚಿಗೆಯ ಮೇಲೆ ಅಟ್ಟದ ಬದಿಯಲ್ಲಿ ಪೈಪು ಓಡಿಸಿ, ಬೇಕಾದ ಕೋಣೆಯಲ್ಲಿ ಬಾಗಿಲ ದಾರಂದದ ಪಕ್ಕ ಕೆಳಗಿಳಿಸಿ. ಇಲಿಗಳ ಕಾಟವಿರುವುದರಿಂದ ಅಟ್ಟದ ಮೇಲೂ ಕೇಬಲ್ ಬರಿದಾಗಿ ಬಿದ್ದಿರಬಾರದು. ಹಂಚಿಗೆ ತಾಗಿಕೊಂಡು ಓಡಿಸಿದರೆ ಬೇಸಿಗೆಯ ಕಾವೂ, ಹಂಚು ಸರಿದಾಗ ಸೋರುವ ನೀರೂ ತಗಲುತ್ತವೆ, ಮುಚ್ಚಿಗೆಯ ಮಟ್ಟದಲ್ಲೇ ಇರಲಿ. ಹಂಚಿನ ಮನೆಯಲ್ಲಿ ಮರದ ಮುಚ್ಚಿಗೆ ವೈಫೈಗೆ ಅಷ್ಟೇನೂ ಅಡ್ಡಿಯಲ್ಲ, ಒಂದು ಪೆಟ್ಟಿಗೆಯನ್ನು ನಡುಕೋಣೆಯ ಮುಚ್ಚಿಗೆಯ ಕೆಳಗೆ ಕೂರಿಸಿದರೆ ಹೆಚ್ಚಿನ ಪಾಯಿಂಟುಗಳೇ ಬೇಕಾಗಲಿಕ್ಕಿಲ್ಲ.

ಪ್ರಶ್ನೆ: ಕಳೆದ ವರ್ಷ ಗೋಡೆಯೊಳಗೆ ಕ್ಯಾಟ್ 6 ಹಾಕಿಸಿದೆವು. ಪ್ಲಾನು 300 ಎಂಬಿಪಿಎಸ್‌ನದ್ದು, ವೈಫೈಯಲ್ಲಿ ಪೂರ್ತಿ ಸಿಗುತ್ತದೆ, ಕೇಬಲಿನಲ್ಲಿ ಮಾತ್ರ 95ರ ಮೇಲೆ ಏರುವುದಿಲ್ಲ. ಕೇಬಲ್ ಬದಲಿಸಬೇಕೇ?
– ವಿದ್ಯಾರ್ಥಿ, ಮಲ್ಪೆ

ಉತ್ತರ: ಬದಲಿಸಬೇಕಾಗಿ ಬರಲಿಕ್ಕಿಲ್ಲ. 95ರ ಆಸುಪಾಸಿನಲ್ಲಿ ನಿಲ್ಲುವುದೆಂದರೆ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ ಎಂದರ್ಥ. 1 ಜಿಬಿಪಿಎಸ್‌ಗೆ ಕೇಬಲಿನ ನಾಲ್ಕೂ ಜೋಡಿ ಎಳೆಗಳು ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಉಳಿದ ಎರಡರಲ್ಲಿ ಒಂದು ಎಳೆ ಕೂಡದಿದ್ದರೂ ಉಪಕರಣಗಳು ತಾವಾಗಿಯೇ ಕೆಳಗಿನ ವೇಗಕ್ಕೆ ಒಪ್ಪಿಕೊಳ್ಳುತ್ತವೆ. ಮೊದಲು ಗೋಡೆಯಿಂದ ಲ್ಯಾಪ್‌ಟಾಪಿಗೆ ಹೋಗುವ ತುಂಡು ಕೇಬಲನ್ನು ಬದಲಿಸಿ ನೋಡಿ. ಆಮೇಲೆ ರೂಟರಿನ ಆ ಪೋರ್ಟು ಗಿಗಾಬಿಟ್‌ನದ್ದೇ ಎಂದು ಪರಿಶೀಲಿಸಿ, ಅಗ್ಗದ ಕೆಲವು ರೂಟರುಗಳಲ್ಲಿ ಅದು 100ರದ್ದೇ ಆಗಿರುತ್ತದೆ. ಎರಡೂ ಸರಿಯಿದ್ದರೆ ಗೋಡೆಯ ಪ್ಲೇಟು ಬಿಚ್ಚಿಸಿ ಎರಡು ತುದಿಗಳನ್ನೂ ಹೊಸದಾಗಿ ಕೂರಿಸಲು ಹೇಳಿ. ನೀವು ಕಡಲ ಬದಿಯಲ್ಲಿದ್ದೀರಿ. ಜ್ಯಾಕಿನ ಒಳಗಿನ ಸಣ್ಣ ತಂತಿಗಳ ಮೇಲೆ ಹಸಿರು ಬಣ್ಣದ ಕಿಲುಬು ಕಂಡರೆ ಆ ಜ್ಯಾಕನ್ನೇ ಎಸೆದು, ಸಂಪರ್ಕದ ಭಾಗಕ್ಕೆ ಚಿನ್ನದ ಲೇಪವಿರುವುದನ್ನು ಹಾಕಿಸಿ, ಬಳಸದ ಪಾಯಿಂಟುಗಳಿಗೆ ಮುಚ್ಚಳವಿಡಿ.

ಪ್ರಶ್ನೆ: ಕ್ಯಾಟ್ 6ರ ಬದಲು ಕ್ಯಾಟ್ 7 ಅಥವಾ 8 ಹಾಕಿಸಿದರೆ ಮುಂದಕ್ಕೂ ಆಯಿತಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಿಮ್ಮ ಸಲಹೆ?
– ಓದುಗರು, ಸುರತ್ಕಲ್

ಉತ್ತರ: ಬೇಡ. ಕ್ಯಾಟ್ 7 ಅನ್ನು ರೂಪಿಸಿದ್ದು ನಾವು ಬಳಸುವ ಜ್ಯಾಕಿಗಲ್ಲ, ಬೇರೆ ಬಗೆಯದಕ್ಕೆ. ನಮ್ಮ ಜ್ಯಾಕಿಗೆ ಕೂರಿಸಿದ ಮೇಲೆ ಅದರ ಹೆಚ್ಚುಗಾರಿಕೆ ಉಳಿಯುವುದಿಲ್ಲ. ಕ್ಯಾಟ್ 8 ಇರುವುದು ಸರ್ವರುಗಳ ಕೇಂದ್ರಗಳಲ್ಲಿ 30 ಮೀಟರಿನೊಳಗಿನ ಓಟಗಳಿಗೆ. ಎರಡೂ ದಪ್ಪ, ಬಿರುಸು, ಲೋಹದ ಕವಚವನ್ನು ಸರಿಯಾಗಿ ಅರ್ಥ್ ಮಾಡಬೇಕು, ನಿಮ್ಮ 25 ಮಿ.ಮೀ. ಪೈಪಿನ ತಿರುವುಗಳಲ್ಲಿ ಎಳೆಯುವುದೂ ಕಷ್ಟ. 10 ಜಿಬಿಪಿಎಸ್ ಉದ್ದ ಓಟಕ್ಕೆ ಬೇಕೆಂಬ ಖಚಿತ ಕಾರಣವಿದ್ದರೆ ಕ್ಯಾಟ್ 6ಎ ಸಾಕು, ಅದು 100 ಮೀಟರಿಗೂ ತಾಳುತ್ತದೆ. ಇಲ್ಲವಾದರೆ ಆ ಹೆಚ್ಚುವರಿ ಹಣದಲ್ಲಿ ಮಾಳಿಗೆಗೆ ಹೋಗುವ ಪೈಪನ್ನು 32 ಮಿ.ಮೀ.ಗೆ ಏರಿಸಿ, ಪಕ್ಕದಲ್ಲಿ ಖಾಲಿ ಪೈಪು ಇನ್ನೊಂದನ್ನು ಹಾಕಿಸಿ.